ಹುಳಕ್ಕೆ ಸಾಸಿವೆ, ನಮಗೆ ಕೋಸು

ಮಾಲೂರು ಕಡೆ ನಮ್ಮದು ಅರ್ಧ ಎಕರೆ ಎಲೆಕೋಸು. ವಾರಕ್ಕೆರಡು ಸಲ ಔಷಧಿ ಹೊಡೆದರೂ ಡೈಮಂಡ್ ಹುಳ ಬಗ್ಗುತ್ತಿರಲಿಲ್ಲ. ಸಣ್ಣ ಹಸಿರು ಹುಳ, ಮುಟ್ಟಿದರೆ ಹಿಂದಕ್ಕೆ ನುಲಿದು ನೂಲು ಹಿಡಿದು ಜೋತುಬೀಳುತ್ತದೆ. ಪತಂಗ ರೆಕ್ಕೆ ಮಡಚಿ ಕೂತರೆ ಬೆನ್ನ ಮೇಲೆ ವಜ್ರದಾಕಾರದ ಗುರುತು.

ಕೊನೆಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ (ಐಐಎಚ್‌ಆರ್) ಹೇಳುವ ಪದ್ಧತಿ ಹಿಡಿದೆ: ಹುಳವನ್ನು ಸಾಸಿವೆಗೆ ಸೆಳೆದು ಕೋಸು ಉಳಿಸಿಕೊಳ್ಳುವುದು. 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದು ಸಾಲನ್ನು ಕೋಸು ನಾಟಿಗೆ 15 ದಿನ ಮೊದಲೇ ಬಿತ್ತಬೇಕು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ.

ಖಾರದ ಸಾಸಿವೆಗೆ ಹುಳ ಯಾಕೆ ಬರುತ್ತದೆ ಅಂತ ನನಗೂ ಅನುಮಾನವಿತ್ತು. ಹಸಿ ಸಾಸಿವೆ ಅರೆದರೆ ಘಾಟು ಮೂಗಿಗೆ ಹೊಡೆಯುತ್ತದೆ, ಒಗ್ಗರಣೆಗೆ ಸಿಡಿಸಿದರೆ ಇಲ್ಲ, ಅಲ್ವಾ? ಗಿಡದೊಳಗೆ ಗ್ಲುಕೋಸಿನೊಲೇಟ್ ಅನ್ನೋ ರಾಸಾಯನಿಕ ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತದೆ. ಎಲೆ ಕಡಿದಾಗ, ಕಾಳು ಅರೆದಾಗ ಎರಡೂ ಸೇರಿ ಘಾಟು ಹುಟ್ಟುತ್ತದೆ. ಕಾದ ಎಣ್ಣೆಯಲ್ಲಿ ಕಿಣ್ವವೇ ಸತ್ತುಹೋಗುತ್ತದೆ. ಕೋಸಿನಲ್ಲೂ ಇರುವುದು ಇದೇ ಏರ್ಪಾಡು. ಎಷ್ಟೋ ಹುಳಗಳು ಈ ಘಾಟಿಗೆ ಹತ್ತಿರ ಬರುವುದಿಲ್ಲ. ಆದರೆ ಡೈಮಂಡ್ ಹುಳದ ಹೊಟ್ಟೆಯಲ್ಲಿ ಘಾಟು ಹುಟ್ಟದ ಹಾಗೆ ಮಾಡುವ ಕಿಣ್ವ ಇದೆ. ಹಾಗಾಗಿ ಉಳಿದವರನ್ನು ಓಡಿಸುವ ವಾಸನೆಯೇ ಇದರ ಪತಂಗಕ್ಕೆ ಮೊಟ್ಟೆ ಇಡುವ ಜಾಗ ತೋರಿಸುತ್ತದೆ. ಕಳ್ಳನಿಗೆ ಬೀಗದ ಕೈ ಸಿಕ್ಕ ಹಾಗೆ!

ಮೊದಲ ಬೆಳೆಯಲ್ಲಿ ನಾನು ಸೋಮಾರಿತನ ಮಾಡಿದೆ. ಸಾಸಿವೆ ಚೆನ್ನಾಗೇ ಇದೆಯಲ್ಲ ಅಂತ ಎರಡನೇ ಸಾಲು ಬಿತ್ತಲಿಲ್ಲ. ಮೊದಲ ಸಾಲು ಹೂ ಬಿಟ್ಟು ಬಲಿತದ್ದೇ ತಡ, ಹುಳವೆಲ್ಲ ಕೋಸಿನ ಸುಳಿಗೆ ಬಂತು. ಆ ಸಲ ಗಡ್ಡೆಗಳೆಲ್ಲ ತೂತು. ಈಗ ನಾಟಿ ದಿನವೇ ಕ್ಯಾಲೆಂಡರ್‌ನಲ್ಲಿ 25ನೇ ದಿನಕ್ಕೆ ಗುರುತು ಹಾಕುತ್ತೇನೆ.

ಇನ್ನೊಂದು ಮಾತು. ಸಾಸಿವೆ ಬಿತ್ತಿ ಸುಮ್ನೆ ಕೂತರೆ ಅದೇ ಹುಳದ ಸಸಿಮಡಿ ಆಗುತ್ತದೆ. ಲೀಟರ್ ನೀರಿಗೆ 40 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ, ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಸೋಪು ಸೇರಿಸಿ ಹೊಡೆಯುತ್ತೇನೆ. ಸೋಪಿಲ್ಲದಿದ್ದರೆ ಕೋಸಿನ ಮೇಣದ ಎಲೆ ಮೇಲೆ ಹನಿ ನಿಲ್ಲುವುದಿಲ್ಲ, ಜಾರಿಹೋಗುತ್ತದೆ. ಸಾಸಿವೆಗೆ ವಾರಕ್ಕೊಮ್ಮೆ, ಕೋಸಿಗೆ ಹುಳ ಕಂಡರೆ ಮಾತ್ರ. ಔಷಧಿ ಖರ್ಚು ಇಳಿದಿದೆ. ಹುಳ ಪೂರ್ತಿ ಹೋಯಿತು ಅಂತ ಮಾತ್ರ ಹೇಳಲಾರೆ.

ಮಸ್ಸೊಪ್ಪಿಗೆ ಸಾಸಿವೆ ಸಾಲಿನಿಂದಲೇ ಕಿತ್ತು ತಾ ಅಂತ ಅಮ್ಮ ಹೇಳುತ್ತಿದ್ದರು. ಹುಳ ತಿಂದ ಸೊಪ್ಪು ತೋರಿಸಿದ ಮೇಲೆ, ಹಿತ್ತಿಲಲ್ಲಿ ತಮಗೇ ಅಂತ ಬೇರೆ ಮಡಿ ಹಾಕಿಸಿಕೊಂಡಿದ್ದಾರೆ.