ಬಸುರಿನಲ್ಲಿ ಫಿಟ್‌ನೆಸ್ ಕೋಚ್: ಮುಂಬಯಿಯಲ್ಲಿ ಹುಡುಕುವುದರಿಂದ ತವರಿಗೆ ಹೊರಡುವವರೆಗೆ

ಕೋಚ್ ಹುಡುಕುವ ಮೊದಲು ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿಕೊಳ್ಳಿ. "ವ್ಯಾಯಾಮ ಮಾಡಬಹುದಾ?" ಎಂದಷ್ಟೇ ಕೇಳಿದರೆ "ಹಗುರವಾಗಿ ಮಾಡಿ" ಎಂಬ ಉತ್ತರ ಬರುತ್ತದೆ, ಅದರಿಂದ ಕೋಚ್‌ಗೆ ಏನೂ ತಿಳಿಯುವುದಿಲ್ಲ. ಕೇಳಬೇಕಾದದ್ದು ನಾಲ್ಕು ಸಂಗತಿ: ಮಾಸು, ಅಂದರೆ ಸ್ಕ್ಯಾನ್ ವರದಿಯ ಪ್ಲಾಸೆಂಟಾ, ಎಲ್ಲಿದೆ? ಗರ್ಭಕಂಠದ ಉದ್ದ ಸರಿಯಾಗಿದೆಯೇ? ಬಿ.ಪಿ. ಎಷ್ಟು? ಹಿಮೊಗ್ಲೋಬಿನ್ ಎಷ್ಟು? 18ರಿಂದ 22ನೇ ವಾರದ ಸ್ಕ್ಯಾನ್‌ನಲ್ಲಿ ಮಾಸು ಕೆಳಗಿದೆ ಎಂದು ಬಂದರೆ ಗಾಬರಿ ಬೇಡ, ಗರ್ಭ ಬೆಳೆದಂತೆ ಬಹುತೇಕರಲ್ಲಿ ಅದು ಮೇಲಕ್ಕೆ ಸರಿಯುತ್ತದೆ. 26 ವಾರ ದಾಟಿದ ಮೇಲೂ ಗರ್ಭಕಂಠವನ್ನು ಮುಚ್ಚಿಕೊಂಡಿದ್ದರೆ ಮಾತ್ರ ಕೋಚ್ ವಿಚಾರವನ್ನು ಅಲ್ಲಿಗೇ ಬಿಡಬೇಕು. ಗರ್ಭಕಂಠಕ್ಕೆ ಹೊಲಿಗೆ ಬಿದ್ದಿದ್ದರೆ, ಪ್ರಿ-ಎಕ್ಲಾಂಪ್ಸಿಯಾ, ಅಂದರೆ ಬಸುರಿನಲ್ಲಿ ಬಿ.ಪಿ. ಏರುವ ಅಪಾಯಕಾರಿ ಕಾಯಿಲೆ, ಇದ್ದರೆ, ನೀರು ಸೋರಿದ್ದರೆ, ರಕ್ತಸ್ರಾವ ನಿಲ್ಲದಿದ್ದರೆ, ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯವಿದ್ದರೆ, ಕೆಲವು ಹೃದಯ ಮತ್ತು ಶ್ವಾಸಕೋಶದ ಕಾಯಿಲೆಗಳಿದ್ದರೂ ಅಷ್ಟೇ. ಬಸುರಿನಲ್ಲಿ ಹಿಮೊಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ತೀವ್ರ ರಕ್ತಹೀನತೆ. ಎರಡನೆಯದಕ್ಕೆ ಮೊದಲು ಚಿಕಿತ್ಸೆ, ಆಮೇಲೆ ಡಂಬೆಲ್.

ಇದ್ಯಾವುದೂ ಇಲ್ಲದವರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ಚಟುವಟಿಕೆ. ಎರಡು ದಿನ ಕೋಚ್ ಜೊತೆ 40 ನಿಮಿಷ, ಮೂರು ದಿನ 25 ನಿಮಿಷ ಬಿರುಸಿನ ನಡಿಗೆ ಎಂದಿಟ್ಟುಕೊಂಡರೆ ಲೆಕ್ಕ ತುಂಬುತ್ತದೆ. ಮೊದಲು ವ್ಯಾಯಾಮದ ಅಭ್ಯಾಸವೇ ಇರದಿದ್ದವರು 10 ನಿಮಿಷದಿಂದ ಶುರು ಮಾಡಿ.

ಯಾರನ್ನು ಆರಿಸಬೇಕು

ಸೊಸೈಟಿ ಜಿಮ್‌ನ ಟ್ರೈನರ್, ಮನೆಗೆ ಬರುವವರು, ಆನ್‌ಲೈನ್ ಕೋಚ್, ಫಿಸಿಯೋಥೆರಪಿಸ್ಟ್: ಠಾಣೆ, ಡೊಂಬಿವಿಲಿ, ಮಾಟುಂಗ ಎಲ್ಲಿದ್ದರೂ ಈ ನಾಲ್ಕು ಬಗೆಯವರು ಸಿಗುತ್ತಾರೆ. ಸೊಂಟದ ಕೀಲಿನಲ್ಲಿ ನೋವು, ಕೆಮ್ಮಿದರೆ ಮೂತ್ರ ಸೋರುವುದು, ಹಿಂದಿನ ಹೆರಿಗೆಯ ನಂತರ ಹೊಟ್ಟೆಯ ಎಡಬಲ ಸ್ನಾಯುಗಳು ಕೂಡಿಕೊಳ್ಳದೆ ಉಳಿದಿರುವುದು ಇದ್ದರೆ ನೇರ ಫಿಸಿಯೋ ಹತ್ತಿರ ಹೋಗಿ. ಉಳಿದವರಿಗೆ ಗರ್ಭಿಣಿಯರ ವ್ಯಾಯಾಮದಲ್ಲಿ ಪ್ರತ್ಯೇಕ ಸರ್ಟಿಫಿಕೇಟ್ ಮತ್ತು ಸಿ.ಪಿ.ಆರ್. (ಎದೆಬಡಿತ ನಿಂತಾಗ ಎದೆ ಒತ್ತಿ ಮಾಡುವ ತುರ್ತು ಉಪಚಾರ) ತರಬೇತಿ ಇರುವ ಕೋಚ್ ಸಾಕು.

ಸರ್ಟಿಫಿಕೇಟ್ ನೋಡಿ ಸುಮ್ಮನಾಗಬೇಡಿ, ಎರಡು ಪ್ರಶ್ನೆ ಕೇಳಿ. "ಐದನೇ ತಿಂಗಳ ಮೇಲೆ ಬೆನ್ನ ಮೇಲೆ ಮಲಗಿ ಮಾಡುವ ವ್ಯಾಯಾಮಕ್ಕೆ ಬದಲು ಏನು ಕೊಡುತ್ತೀರಿ?" ಒರಗು ಬೆಂಚಿನಲ್ಲಿ, ಮಗ್ಗುಲಾಗಿ ಅಥವಾ ಗೋಡೆಗೆ ನಿಂತು ಎನ್ನುವವರಿಗೆ ವಿಷಯ ಗೊತ್ತಿದೆ: ಅಂಗಾತ ಮಲಗಿದಾಗ ತುಂಬಿದ ಗರ್ಭ ದೊಡ್ಡ ಅಭಿಧಮನಿಯನ್ನು ಒತ್ತಿ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ತಲೆ ಸುತ್ತುತ್ತದೆ. ಎರಡನೆಯದು: "ನನಗೆ ಇವತ್ತು ಆಗುತ್ತಿಲ್ಲ ಎಂದರೆ ಏನು ಮಾಡುತ್ತೀರಿ?" ಇದಕ್ಕೆ ಬರುವ ಉತ್ತರದಲ್ಲೇ ಮನುಷ್ಯ ಗೊತ್ತಾಗುತ್ತಾರೆ. ಬಸುರಿಗೆ ಬೇಕಾದದ್ದು ಎತ್ತುವ ಭಾರವನ್ನು ಇಳಿಸಲು ಗೊತ್ತಿರುವ ಕೋಚ್. "ನಾರ್ಮಲ್ ಡೆಲಿವರಿ ಗ್ಯಾರಂಟಿ" ಎನ್ನುವವರನ್ನೂ, ತೂಕ ಇಳಿಸುವ ಗುರಿ ಬರೆದುಕೊಡುವವರನ್ನೂ ಬಿಟ್ಟುಬಿಡಿ.

ದುಡ್ಡಿನ ಮಾತು ಮೊದಲೇ ಆಗಲಿ. ಆರು ತಿಂಗಳ ಪ್ಯಾಕೇಜ್ ಅಗ್ಗ ಕಾಣುತ್ತದೆ, ಆದರೆ ವಾಂತಿ, ಬೆಡ್ ರೆಸ್ಟ್, ಏಳನೇ ತಿಂಗಳಲ್ಲಿ ತವರಿಗೆ ಹೊರಡುವುದು ಎಲ್ಲ ಅದರೊಳಗೇ ಬರುತ್ತದೆ. ತಿಂಗಳ ಲೆಕ್ಕದಲ್ಲಿ ಕೊಡಿ. ಡಾಕ್ಟರು ಬೇಡವೆಂದರೆ ಉಳಿದ ಕ್ಲಾಸುಗಳ ದುಡ್ಡು ವಾಪಸ್ಸೋ, ಹೆರಿಗೆಯ ನಂತರ ಬಳಸಬಹುದೋ ಎಂಬುದನ್ನು ವಾಟ್ಸ್ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ.

ಕ್ಲಾಸು ಹೇಗಿರಬೇಕು

ಶುರುವಿಗೆ ಒಂದೂವರೆ ಗಂಟೆ ಮೊದಲು ಎರಡು ಇಡ್ಲಿಯೋ ಬಾಳೆಹಣ್ಣೋ ತಿಂದಿರಿ. ಖಾಲಿ ಹೊಟ್ಟೆ ಬೇಡ. ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ಶುಗರ್ ನೋಡಿಕೊಂಡೇ ಮ್ಯಾಟ್ ಹಾಸಬೇಕು. 8 ನಿಮಿಷ ಮೈ ಬಿಸಿ ಮಾಡುವುದು, 25 ನಿಮಿಷ ಶಕ್ತಿ ವ್ಯಾಯಾಮ, ಉಳಿದದ್ದು ನಿಧಾನ ನಡಿಗೆ ಮತ್ತು ಉಸಿರಾಟ. ಶಕ್ತಿ ವ್ಯಾಯಾಮದಲ್ಲಿ ಕುರ್ಚಿಗೆ ಕೂತು ಏಳುವ ಸ್ಕ್ವಾಟ್, ಗೋಡೆ ಪುಶ್-ಅಪ್, ರಬ್ಬರ್ ಬ್ಯಾಂಡ್ ಎಳೆತ, ಮಗ್ಗುಲಾಗಿ ಮಲಗಿ ಕಾಲೆತ್ತುವುದು, ಕೈ-ಮಂಡಿ ಊರಿ ಬೆನ್ನು ಬಾಗಿಸುವುದು. ಒಂದೊಂದನ್ನೂ 10ರಿಂದ 12 ಸಲದಂತೆ ಎರಡು ಸುತ್ತು, ನಡುವೆ ಒಂದು ನಿಮಿಷ ವಿರಾಮ. ಹೊಸಬರಿಗೆ ಕೈಗೊಂದು 2 ಕೆ.ಜಿ. ಡಂಬೆಲ್ ಸಾಕು.

ಬಸುರಿನಲ್ಲಿ ನಾಡಿ ಹೇಗೂ ಏರಿರುತ್ತದೆ, ವಾಚಿನ ಅಂಕಿ ದಾರಿ ತಪ್ಪಿಸುತ್ತದೆ. ಮಾತಿನ ಪರೀಕ್ಷೆಯೇ ವಾಸಿ: ವಾಕ್ಯ ಪೂರ್ತಿ ಹೇಳಲು ಬರಬೇಕು, ಹಾಡಲು ಬರಬಾರದು. ಪದಗಳ ನಡುವೆ ಏದುಸಿರು ಬಂದರೆ ಭಾರವನ್ನೋ ವೇಗವನ್ನೋ ಇಳಿಸಿ. ಉಸಿರು ಕಟ್ಟಿ ಎತ್ತಬೇಡಿ. ಎತ್ತುವಾಗ ಬಾಯಿಂದ ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಉಸಿರು ಕಟ್ಟಿದರೆ ಒತ್ತಡವೆಲ್ಲ ಗರ್ಭ, ಮೂತ್ರಕೋಶಗಳನ್ನು ಕೆಳಗಿನಿಂದ ಹೊತ್ತ ಸ್ನಾಯುಗಳ ಮೇಲೆ ಬೀಳುತ್ತದೆ.

ಕೋಚ್ ಕಣ್ಣಿಟ್ಟು ನೋಡಬೇಕಾದ ಜಾಗ ಒಂದಿದೆ. ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳು ಊರಿ ಮೈಯನ್ನು ನೆಟ್ಟಗೆ ಎತ್ತಿ ಹಿಡಿಯುವುದು) ಹಿಡಿದಾಗ ಅಥವಾ ಮ್ಯಾಟ್‌ನಿಂದ ನೇರ ಏಳುವಾಗ ಹೊಕ್ಕುಳ ಮೇಲಿಂದ ಕೆಳಗೆ ಮಾವಿನ ಓಟೆಯ ಬೆನ್ನಿನಂತೆ ಒಂದು ಏಣು ಉಬ್ಬಿ ಬರುತ್ತದೆ. ಹೊಟ್ಟೆಯ ಎಡಬಲ ಸ್ನಾಯುಗಳ ನಡುವಿನ ಪಟ್ಟಿ ಅಗಲಗೊಂಡಿದೆ, ಈ ಒತ್ತಡವನ್ನು ತಾಳುತ್ತಿಲ್ಲ ಎಂಬುದರ ಗುರುತು ಅದು. ಆ ವ್ಯಾಯಾಮ ಅಂದೇ ಸುಲಭ ರೂಪಕ್ಕೆ ಇಳಿಯಬೇಕು, ನೆಲದ ಪ್ಲ್ಯಾಂಕ್ ಗೋಡೆಗೆ ಹೋಗಬೇಕು. ಏಳುವಾಗ ಮಗ್ಗುಲಿಗೆ ಹೊರಳಿ, ಕೈ ಊರಿ ಏಳಿ. ಸಡಿಲ ಟಿ-ಶರ್ಟಿನಲ್ಲಿ ಈ ಏಣು ಕಾಣುವುದಿಲ್ಲ, ಮೈಗಂಟಿದ ಬಟ್ಟೆ ತೊಡಿ.

ಸೊಂಟದ ಮುಂಭಾಗದ ಕೀಲಿನಲ್ಲಿ ಚಳುಕು ಬಂದರೆ ಒಂಟಿಕಾಲಿನ ವ್ಯಾಯಾಮ, ಅಗಲ ಹೆಜ್ಜೆಯ ಲಂಜ್ ಎರಡನ್ನೂ ಕೈಬಿಡಿ. ಕೂತು ಚೂಡಿದಾರ್ ತೊಡುವುದು ಕೂಡ ಇದರಲ್ಲಿ ಉಪಕಾರಿ! ಕೀಗಲ್, ಅಂದರೆ ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿದು ಬಿಡುವ ವ್ಯಾಯಾಮ, ದಿನಕ್ಕೆ ಮೂರು ಸಲ, ಪ್ರತಿ ಸಲ ಹತ್ತು ಬಾರಿ. ಬಿಗಿದಷ್ಟೇ ಹೊತ್ತು ಸಡಿಲ ಬಿಡುವುದನ್ನು ಹೆಚ್ಚಿನವರು ಮರೆಯುತ್ತಾರೆ, ಹೆರಿಗೆಗೆ ಬೇಕಾಗುವುದು ಆ ಸಡಿಲಿಕೆ.

ಮುಂಬಯಿಯ ಹವೆ ಮತ್ತು ಲೋಕಲ್

ಇಲ್ಲಿನ ಸೆಕೆಯಲ್ಲಿ ಬೆವರು ಆರುವುದಿಲ್ಲ, ಹಾಗಾಗಿ ಮೈ ತಣಿಯುವುದಿಲ್ಲ. ಮೇ ಮತ್ತು ಅಕ್ಟೋಬರ್‌ನಲ್ಲಿ ಬೆಳಿಗ್ಗೆ ಎಂಟರೊಳಗೆ ಅಥವಾ ಎ.ಸಿ. ಕೋಣೆಯಲ್ಲಿ ಮುಗಿಸಿ. ಶಿವಾಜಿ ಪಾರ್ಕಿನ ಸುತ್ತಿನ ನಡಿಗೆ ಬೇಸಿಗೆಯ ಮುಂಜಾನೆಗೆ ಚೆನ್ನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಫುಟ್‌ಪಾತ್, ಲಾಬಿಯ ನುಣುಪು ಟೈಲ್ಸ್ ಎರಡೂ ಜಾರುತ್ತವೆ, ಒಳಗೇ ನಡೆಯಿರಿ.

ಡೊಂಬಿವಿಲಿಯಿಂದ ಸಿ.ಎಸ್.ಎಂ.ಟಿ.ಗೆ ನಿಂತು ಬಂದ ದಿನ ಕೋಚ್‌ಗೆ ಅದನ್ನು ಹೇಳಿ, ಅದೂ ಕಾಲಿಗೆ ಬಿದ್ದ ಕೆಲಸವೇ. ಆ ದಿನ ಸ್ಕ್ವಾಟ್ ಬಿಟ್ಟು ಕೈ-ಬೆನ್ನಿನ ವ್ಯಾಯಾಮ ಮಾಡಿಸಲಿ. ದಿವ್ಯಾಂಗರ ಡಬ್ಬಿಯಲ್ಲಿ ಗರ್ಭಿಣಿಯರೂ ಹತ್ತಬಹುದು, ಡಾಕ್ಟರ ಚೀಟಿ ಪರ್ಸಿನಲ್ಲಿರಲಿ. "ನೆಲ ಒರೆಸಿದರೆ ಸಾಕಲ್ಲ" ಎನ್ನುವ ಅತ್ತೆಯವರ ಮಾತಿಗೆ ಜಗಳ ಬೇಡ, ಒರೆಸುವುದರಿಂದ ಹಾನಿಯೇನಿಲ್ಲ. ಆದರೆ ಬೆನ್ನಿನ ಮೇಲ್ಭಾಗಕ್ಕೆ ಅದರಿಂದ ಏನೂ ಸಿಗುವುದಿಲ್ಲ, ಮಗು ಎತ್ತಲು ಬೇಕಾಗುವುದು ಅದೇ.

ನಿಲ್ಲಿಸುವ ಗುರುತುಗಳು

ರಕ್ತ ಕಂಡರೆ, ನೀರು ಸೋರಿದರೆ, ಬಿಟ್ಟು ಬಿಟ್ಟು ಹೊಟ್ಟೆ ಬಿಗಿದು ನೋವಾದರೆ, ಎದೆನೋವು, ತಲೆಸುತ್ತು, ತಲೆನೋವು, ವ್ಯಾಯಾಮಕ್ಕೂ ಮುಂಚೆಯೇ ಉಬ್ಬಸ, ಒಂದು ಮೀನಖಂಡದಲ್ಲಿ ನೋವು ಅಥವಾ ಊತ ಬಂದರೆ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಮಗುವಿನ ಒದೆತ ಕಡಿಮೆಯಾದರೂ ಹಾಗೆಯೇ. ಕೋಚ್‌ನ ಅಭಿಪ್ರಾಯಕ್ಕೆ ಕಾಯಬೇಡಿ. ಮೀನಖಂಡದ ಊತಕ್ಕೆ ಮಸಾಜ್ ಅಂತೂ ಕೂಡದು, ಅದು ರಕ್ತ ಹೆಪ್ಪುಗಟ್ಟಿದ್ದೂ ಇರಬಹುದು.

ತವರಿಗೆ ಹೊರಟಾಗ

ಸೀಮಂತ ಮುಗಿಸಿ ಉಡುಪಿಗೋ ಹುಬ್ಬಳ್ಳಿಗೋ ಹೊರಡುವ ಮೊದಲು ಕೋಚ್‌ನಿಂದ ಒಂದು ಪುಟ ಬರೆಸಿಕೊಳ್ಳಿ: ಈಗ ಮಾಡುತ್ತಿರುವ ವ್ಯಾಯಾಮ, ಎಷ್ಟು ಸಲ, ಎಷ್ಟು ಭಾರ, ಬಿಟ್ಟಿರುವುದು ಯಾವುದು ಮತ್ತು ಏಕೆ. ಬ್ಯಾಂಡ್ ಸೂಟ್‌ಕೇಸಿಗೆ ಹಾಕಿ. ವಿಡಿಯೋ ಕ್ಲಾಸಿನಲ್ಲಿ ಫೋನನ್ನು ಸೊಂಟದ ಎತ್ತರಕ್ಕೆ, ಮಗ್ಗುಲಿನಿಂದ ಇಡಿ, ಹೊಟ್ಟೆ ಮತ್ತು ಮಂಡಿ ಎರಡೂ ಕಾಣಬೇಕು. ಕೋಣೆಯಲ್ಲಿ ಅಮ್ಮನೋ ಅಕ್ಕನೋ ಇರಲಿ.

ಹೆರಿಗೆಯ ನಂತರ ಸಣ್ಣ ನಡಿಗೆ ಮತ್ತು ಕೀಗಲ್ ಬಿಟ್ಟರೆ ಉಳಿದದ್ದು ಆರು ವಾರದ ತಪಾಸಣೆ ಮುಗಿದ ಮೇಲೆ. ಸಿಸೇರಿಯನ್ ಆಗಿದ್ದರೆ ಗಾಯ ನೋಡಿ ಡಾಕ್ಟರು ಹೇಳಿದಷ್ಟು. ಓಟ, ಜಿಗಿತ 12 ವಾರಕ್ಕೆ ಮೊದಲು ಬೇಡ, ಅದೂ ಮೂತ್ರ ಸೋರದೆ ಅರ್ಧ ಗಂಟೆ ನಡೆಯಲು ಬಂದ ಮೇಲೆ.