ಮಸಾಲೆ ಹಚ್ಚಿಟ್ಟ ಚಿಕನ್ ಬಾಣಲೆಗೆ ಬೀಳುವ ಮೊದಲು

ಜಾಸ್ತಿ ಹೊತ್ತು ನೆನೆದಷ್ಟೂ ಚಿಕನ್‌ಗೆ ರುಚಿ ಅಂತ ನಾನೂ ನಂಬಿದ್ದೆ. ಒಮ್ಮೆ ಅರ್ಧ ಕೆ.ಜಿ. ತುಂಡುಗಳಿಗೆ ಎರಡು ನಿಂಬೆಹಣ್ಣು ಹಿಂಡಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ನೋಡಿದರೆ ಅಂಚೆಲ್ಲ ಬೆಂದ ಹಾಗೆ ಬೆಳ್ಳಗಾಗಿತ್ತು. ಹುರಿದ ಮೇಲೆ ಹೊರಗೆ ಪುಡಿಪುಡಿ, ಒಳಗೆ ಸಪ್ಪೆ.

ಒಳಕ್ಕೆ ಚೆನ್ನಾಗಿ ಇಳಿಯುವುದು ಉಪ್ಪು. ಶುಂಠಿ, ಬೆಳ್ಳುಳ್ಳಿ, ಖಾರದ ಪುಡಿ ಹೆಚ್ಚೂಕಡಿಮೆ ಮೇಲೆಯೇ ಉಳಿಯುತ್ತವೆ. ಹಾಗಾಗಿ ಮೊದಲು ಉಪ್ಪು ಹಚ್ಚಿ. 1 ಕೆ.ಜಿ.ಗೆ ಪುಡಿ ಉಪ್ಪು 10-12 ಗ್ರಾಂ, ಅಂದರೆ ಸುಮಾರು ಎರಡು ಟೀ ಚಮಚ. ದಪ್ಪ ತುಂಡಿಗೆ ಚಾಕುವಿನಿಂದ ಗೀರು ಹಾಕಿ, ಗೀರಿನೊಳಗೂ ಬೆರಳಿಂದ ಉಜ್ಜಿ.

ಕಾಲು ಗಂಟೆ ಬಿಟ್ಟು ಗಟ್ಟಿ ಮೊಸರು, ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಅರಿಶಿನ, ಖಾರದ ಪುಡಿ, ಒಂದು ಚಮಚ ಎಣ್ಣೆ ಕಲಸಿ. ಮೊಸರಿನ ಹುಳಿ ನಿಧಾನಸ್ಥ, ರಾತ್ರಿಯಿಡೀ ಇಟ್ಟರೂ ಚಿಂತೆಯಿಲ್ಲ. ನಿಂಬೆ ಹಾಗಲ್ಲ, ಅರ್ಧ ಗಂಟೆ ಸಾಕು. ಹಸಿ ಪಪ್ಪಾಯಿಯಂತೂ ಜಾಸ್ತಿಯಾದರೆ ಮಾಂಸವನ್ನೇ ಮುದ್ದೆ ಮಾಡಿಬಿಡುತ್ತದೆ. ಗಾಜು ಇಲ್ಲವೇ ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿ, ಫ್ರಿಜ್‌ನ ಕೆಳಗಿನ ಶೆಲ್ಫಿನಲ್ಲಿಡಿ. ರಸ ಸೋರಿದರೂ ಬೇರೆ ತಿಂಡಿಗೆ ತಾಗಬಾರದಲ್ವಾ?

ಹೆಚ್ಚಿನವರು ಎಡವುವುದು ಇದರ ನಂತರ. ಮಸಾಲೆ ಸಮೇತ ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿಯುತ್ತಾರೆ. ನೀರು ಬಿಟ್ಟುಕೊಂಡು ಚಿಕನ್ ಅದರಲ್ಲೇ ಬೇಯುತ್ತದೆ, ಕೆಂಪಗಾಗುವುದೇ ಇಲ್ಲ. ಬದಲಿಗೆ ಒಂದೊಂದೇ ತುಂಡು ಎತ್ತಿ, ಹೆಚ್ಚಿನ ಮಸಾಲೆ ಬೆರಳಿಂದ ಸವರಿ ತೆಗೆಯಿರಿ. ಎಣ್ಣೆ ಚೆನ್ನಾಗಿ ಕಾಯಲಿ, ತುಂಡು ಇಟ್ಟ ಕೂಡಲೇ ಚುಯ್ ಅನ್ನಬೇಕು. ನಡುವೆ ಜಾಗ ಬಿಡಿ. ಆಮೇಲೆ ನಾಲ್ಕೈದು ನಿಮಿಷ ಸುಮ್ನೆ ಬಿಟ್ಟುಬಿಡಿ! ಮೊದಲು ತಳಕ್ಕೆ ಅಂಟಿದ್ದು ಕೆಂಪಗಾದ ಮೇಲೆ ತಾನೇ ಬಿಟ್ಟುಕೊಳ್ಳುತ್ತದೆ. ಸೌಟಿನಿಂದ ಕೆದಕಿದರೆ ಮಸಾಲೆಯೆಲ್ಲ ತಳದಲ್ಲೇ ಉಳಿಯುತ್ತದೆ.

ತಿರುವಿ ಹಾಕಿ, ಉರಿ ತಗ್ಗಿಸಿ, ಮುಚ್ಚಿಡಿ. ಬೆಂದಿದೆಯೇ ಅಂತ ಬಣ್ಣ ನೋಡಿ ಹೇಳುವುದು ಕಷ್ಟ. ಅಡುಗೆ ಥರ್ಮಾಮೀಟರ್ ಇದ್ದರೆ ದಪ್ಪ ಭಾಗಕ್ಕೆ ಮೂಳೆ ತಾಗದಂತೆ ಚುಚ್ಚಿ, 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಪಾತ್ರೆಯಲ್ಲಿ ಉಳಿದ ಮಸಾಲೆಗೆ ಹಸಿ ಮಾಂಸದ ರಸ ಸೇರಿರುತ್ತದೆ. ಬಳಸುವುದಾದರೆ ಚೆನ್ನಾಗಿ ಕುದಿಸಿಯೇ ಬಳಸಿ.

ಇಳಿಸಿದ ಮೇಲೆ ಐದು ನಿಮಿಷ ತಟ್ಟೆಯಲ್ಲಿ ಬಿಡಿ. ತಟ್ಟೆಗೆ ಇಳಿದ ರಸ ಚೆಲ್ಲಬೇಡಿ, ತುಂಡುಗಳ ಮೇಲೆಯೇ ಸುರಿದು ಬಡಿಸಿ.