ಎಲ್ಲಿಂದ ಎನ್ನುವುದಕ್ಕಿಂತ ಎಷ್ಟು ಹೊತ್ತು

ಮಡಿಕೇರಿಯಲ್ಲಿ ಗ್ಯಾರೇಜ್ ಇಟ್ಟುಕೊಂಡವನಿಗೆ ಡಿಸೆಂಬರ್, ಜನವರಿ ಎಂದರೆ ಶಬ್ದದ ದೂರುಗಳ ಕಾಲ. ತೋಟದಿಂದ ಕಾರು ತರುತ್ತಾರೆ, ಬೆಳಿಗ್ಗೆ ಎಂಜಿನ್ ಕರಕರ ಎನ್ನುತ್ತದೆ ಎನ್ನುತ್ತಾರೆ. ಘಟ್ಟ ಹತ್ತಿ ಬರುವಷ್ಟರಲ್ಲಿ ಎಂಜಿನ್ ಬಿಸಿಯಾಗಿ, ನನ್ನೆದುರು ಸಾಧುವಿನಂತೆ ಸುಮ್ಮನಾಗಿರುತ್ತದೆ. ಅದಕ್ಕೇ ಅಂಥ ಗಾಡಿಯನ್ನು ರಾತ್ರಿ ಇಲ್ಲೇ ಬಿಟ್ಟು ಹೋಗಿ ಎನ್ನುತ್ತೇನೆ. ತಣ್ಣಗಿನ ಎಂಜಿನ್ನಿನ ಮೊದಲ ಸ್ಟಾರ್ಟ್ ದಿನಕ್ಕೆ ಒಮ್ಮೆ ಮಾತ್ರ ಸಿಗುತ್ತದೆ. ಅದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳದೆ ಕೀಲಿ ತಿರುಗಿಸುವುದಿಲ್ಲ.

ಶಬ್ದ ಎಲ್ಲಿಂದ ಬರುತ್ತಿದೆ ಎಂದು ಎಲ್ಲರೂ ಕಿವಿಗೊಡುತ್ತಾರೆ. ಅದು ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಎರಡು ಮೂರು ಸೆಕೆಂಡ್ ಕರಕರ ಎಂದು ನಿಂತುಹೋದರೆ ಆಯಿಲ್ ಒತ್ತಡಕ್ಕೆ ಕಾಯುವ ಭಾಗ, ಅಂದರೆ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಅಥವಾ ಕ್ಯಾಮ್ ತುದಿಯಲ್ಲಿ ವಾಲ್ವ್ ತೆರೆಯುವ ಹೊತ್ತನ್ನು ಹೊಂದಿಸುವ ವಿವಿಟಿ ಗೇರ್. ಪಿಸ್ಟನ್ನುಗಳು ತಿರುಗಿಸುವ ದಂಡ ಕ್ರ್ಯಾಂಕ್, ವಾಲ್ವ್ ತೆರೆಯುವ ದಂಡ ಕ್ಯಾಮ್, ಎರಡನ್ನೂ ಜೋಡಿಸುವುದು ಈ ಚೈನ್. ಟಿಕ್ ಟಿಕ್ ಎಂದು ಕೆಲವು ನಿಮಿಷ ಉಳಿದು ಎಂಜಿನ್ ಬಿಸಿಯಾದಂತೆ ಅಡಗಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರುತ್ತಿರಬಹುದು. ಲೋಹ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ಅಷ್ಟೇ ಹೊತ್ತು ಉಳಿಯುವ, ಆದರೆ ಮಂದವಾಗಿ ಕುಟ್ಟುವ ಶಬ್ದ ಸವೆದ ಪಿಸ್ಟನ್ನಿನದು. ಇನ್ನು ಸ್ಟಾರ್ಟ್ ಆದ ಕೂಡಲೇ ಎಂಜಿನ್ ಜೋರಾಗಿ, ಒರಟಾಗಿ ಓಡುವುದು ದೋಷವೇ ಅಲ್ಲ. ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲೆಂದು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಎಂ ಬೇಕೆಂದೇ ಹಾಗೆ ಓಡಿಸುತ್ತದೆ. ಅದನ್ನು ಕೇಳಿ ಹೆದರಿ ಬರುವವರೂ ಇದ್ದಾರೆ.

ಕಳೆದ ಚಳಿಗಾಲದಲ್ಲಿ ಬಂದ ಒಂದು ಕಾರಿನ ಕಥೆ ಹೇಳುತ್ತೇನೆ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಬೆಲ್ಟ್ ಅಲ್ಲ, ಚೈನ್. ಬೆಳಗಿನ ಕರಕರದ ಜೊತೆಗೆ ಚೆಕ್ ಎಂಜಿನ್ ದೀಪ ಉರಿಯುತ್ತಿತ್ತು, ಏರಿನಲ್ಲಿ ಎಳೆತ ಕಡಿಮೆಯಾಗಿತ್ತು. ಬೇರೊಂದು ಗ್ಯಾರೇಜಿನಲ್ಲಿ ಕ್ಯಾಮ್ ಸೆನ್ಸರನ್ನೂ ಕ್ರ್ಯಾಂಕ್ ಸೆನ್ಸರನ್ನೂ ಬದಲಿಸಿಯಾಗಿತ್ತು. ದೀಪ ಮಾತ್ರ ಮತ್ತೆ ಬಂದಿತ್ತು.

ಆ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರೆ ಪಿ0016. ಈ ಕೋಡಿನ ವಿವರಣೆಯಲ್ಲಿ ಎರಡೂ ಸೆನ್ಸರುಗಳ ಹೆಸರಿರುವುದರಿಂದ ಕೈ ನೇರ ಅವುಗಳತ್ತ ಹೋಗುತ್ತದೆ. ಆದರೆ ಕೋಡ್ ಹೇಳುತ್ತಿರುವುದು ಸೆನ್ಸರ್ ಕೆಟ್ಟಿದೆ ಎಂದಲ್ಲ, ಕ್ರ್ಯಾಂಕ್ ಮತ್ತು ಕ್ಯಾಮ್ ಇರಬೇಕಾದ ಹೊಂದಾಣಿಕೆಯಲ್ಲಿ ಇಲ್ಲ ಎಂದು. ಸೆನ್ಸರಿನಿಂದ ಸಂಕೇತವೇ ಬರದಿದ್ದರೆ ಸಾಮಾನ್ಯವಾಗಿ ಪಿ0335 ಅಥವಾ ಪಿ0340 ಬರುತ್ತದೆ. ಇಲ್ಲಿ ಎರಡೂ ಸೆನ್ಸರುಗಳು ತಾವು ಕಂಡದ್ದನ್ನು ಸರಿಯಾಗಿಯೇ ಹೇಳುತ್ತಿದ್ದವು. ಸುದ್ದಿ ತಂದವನನ್ನು ಬದಲಿಸಿದರೆ ಸುದ್ದಿ ಬದಲಾಗುವುದಿಲ್ಲ.

ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಕನಿಷ್ಠ ಗೆರೆಗಿಂತ ಕೆಳಗಿತ್ತು, ಕಪ್ಪಾಗಿತ್ತು. ಹಳೆಯದನ್ನು ಇಳಿಸಿ ಹೊಸ ಆಯಿಲ್ ಹಾಕುವ ಆಸೆಯನ್ನು ತಡೆದುಕೊಂಡೆ. ಪೂರ್ತಿ ಬದಲಿಸಿದರೆ ಶಬ್ದದ ಗುಣ ಬದಲಾಗಿ ಸಾಕ್ಷ್ಯ ಹಾಳಾಗುತ್ತದೆ. ಮಟ್ಟಕ್ಕೆ ಬೇಕಾದಷ್ಟನ್ನು ಮಾತ್ರ ಸೇರಿಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೂರು ಸೆಕೆಂಡಿನಷ್ಟು ಕರಕರ. ಉದ್ದದ ಸ್ಕ್ರೂಡ್ರೈವರಿನ ಹಿಡಿಯನ್ನು ಹುಡುಗ ಕಿವಿಗೆ ಒತ್ತಿಕೊಂಡಿದ್ದ. ತುದಿ ಟೈಮಿಂಗ್ ಕವರಿನ ಮೇಲೆ, ಟೆನ್ಷನರ್ ಇರುವ ಪಕ್ಕದಲ್ಲಿ. "ಅಣ್ಣಾ, ಇಲ್ಲೇ" ಎಂದ.

ಮರುದಿನ ಬೆಳಿಗ್ಗೆ ಇನ್ನೊಂದು ಪರೀಕ್ಷೆ. ಬಹುತೇಕ ಇಂಜೆಕ್ಷನ್ ಪೆಟ್ರೋಲ್ ಎಂಜಿನ್ನುಗಳಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಸ್ಟಾರ್ಟರ್ ತಿರುಗಿಸಿದರೆ ಇಂಜೆಕ್ಟರ್ ಇಂಧನ ಬಿಡುವುದಿಲ್ಲ. ಎಂಜಿನ್ ಹೊತ್ತಿಕೊಳ್ಳದೆ ಬರಿದೇ ತಿರುಗುತ್ತದೆ, ಆಯಿಲ್ ಪಂಪ್ ಒತ್ತಡ ಕಟ್ಟುತ್ತದೆ. ಗೇರ್ ನ್ಯೂಟ್ರಲಿನಲ್ಲಿರಿಸಿ ಕೆಲವು ಸೆಕೆಂಡ್ ಹಾಗೆ ತಿರುಗಿಸಿ, ಪೆಡಲ್ ಬಿಟ್ಟು ಸ್ಟಾರ್ಟ್ ಮಾಡಿದೆ. ಶಬ್ದ ಪೂರ್ತಿ ಹೋಗಿದ್ದರೆ ರಾತ್ರಿ ಆಯಿಲ್ ಕೆಳಗಿಳಿಯುತ್ತಿರುವುದಷ್ಟೇ ಕಾರಣ, ಒಳ್ಳೆಯ ಫಿಲ್ಟರ್ ಹಾಕಿ ನೋಡಬಹುದಿತ್ತು. ಫಿಲ್ಟರಿನೊಳಗೆ ಆಯಿಲ್ ಹಿಂದಕ್ಕೆ ಜಾರದಂತೆ ತಡೆಯುವ ರಬ್ಬರಿನ ಬಿಲ್ಲೆಯಿರುತ್ತದೆ. ಅಗ್ಗದ ಫಿಲ್ಟರುಗಳಲ್ಲಿ ಅದು ಬೇಗ ಗಡುಸಾಗುತ್ತದೆ. ಆದರೆ ಶಬ್ದ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಅಂದರೆ ಒತ್ತಡ ಬಂದರೂ ಟೆನ್ಷನರ್ ತುಂಬಲಾಗದಷ್ಟು ಸಡಿಲ ಒಳಗಿದೆ.

ಕವರ್ ಬಿಚ್ಚುವ ಮೊದಲು, ಎಂಜಿನ್ ಗಾಳಿಯನ್ನು ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿದೆ. ಈಗಿನ ಹುಡುಗರು ಇದನ್ನು ಮರೆತಿದ್ದಾರೆ, ಸ್ಕ್ಯಾನರಿಗಿಂತ ಎಷ್ಟೋ ಅಗ್ಗದ ಸಾಧನ. ಆರೋಗ್ಯವಂತ ಎಂಜಿನ್ ಐಡಲಿನಲ್ಲಿ ಪಾದರಸದ ಲೆಕ್ಕದಲ್ಲಿ 17ರಿಂದ 21 ಇಂಚು ತೋರಿಸಬೇಕು ಎಂಬ ಲೆಕ್ಕ ಸಮುದ್ರಮಟ್ಟದ್ದು. ಸಾವಿರ ಅಡಿಗೆ ಸುಮಾರು ಒಂದು ಇಂಚು ಇಳಿಯುತ್ತದೆ, ಮಡಿಕೇರಿ ಮೂರೂವರೆ ಸಾವಿರ ಅಡಿಗೂ ಮೇಲಿದೆ. ಇಲ್ಲಿ 15 ಬಂದರೂ ಎಂಜಿನ್ ಚೆನ್ನಾಗಿದೆ ಎಂದೇ ಅರ್ಥ. ಮಂಗಳೂರಿನಲ್ಲಿ ಅದೇ 15 ಕಂಡರೆ ಅನುಮಾನಿಸಬೇಕು. ಈ ಕಾರಿನ ಮುಳ್ಳು 12ರ ಹತ್ತಿರ ಅಲ್ಲಾಡದೆ ನಿಂತಿತ್ತು. ವಾಲ್ವ್ ಸುಟ್ಟಿದ್ದರೆ ಮುಳ್ಳು ಲಯಬದ್ಧವಾಗಿ ಜಿಗಿಯುತ್ತದೆ. ಕೆಳಗಿದ್ದೂ ಸ್ಥಿರವಾಗಿದ್ದರೆ ಗಾಳಿ ಸೋರಿಕೆ ಅಥವಾ ತಡವಾದ ಟೈಮಿಂಗ್. ಸೋರಿಕೆ ಹುಡುಕಿದೆ, ಸಿಗಲಿಲ್ಲ.

ವಾಲ್ವ್ ಕವರ್ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಓಡುವ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸಿದೆ. ಗುರುತು ದಾಟಿಹೋದರೆ ಹಿಂದಕ್ಕೆ ತಿರುಗಿಸಬಾರದು, ಇನ್ನೆರಡು ಸುತ್ತು ಮುಂದಕ್ಕೇ ತರಬೇಕು. ಹಿಂದಕ್ಕೆ ತಿರುಗಿಸಿದರೆ ಸಡಿಲ ತಪ್ಪು ಬದಿಗೆ ಸೇರಿ ಚೈನ್ ಹಲ್ಲು ಹಾರಬಹುದು. ಮೊದಲ ಸಿಲಿಂಡರಿನ ಪಿಸ್ಟನ್ ಮೇಲಿನ ತುದಿಗೆ ಬಂದು ಪುಲ್ಲಿಯ ಗುರುತು ಕೂಡಿದಾಗ ಕ್ಯಾಮ್ ಸ್ಪ್ರಾಕೆಟ್ಟಿನ, ಅಂದರೆ ಚೈನ್ ಕೂರುವ ಹಲ್ಲುಚಕ್ರದ ಗುರುತೂ ಕೂಡಬೇಕಿತ್ತು. ಅದು ಅರ್ಧ ಹಲ್ಲಿಗೆ ತುಸು ಕಡಿಮೆ ಹಿಂದೆ ಬಿದ್ದಿತ್ತು. ಈ ಅರ್ಧ ಹಲ್ಲು ಮುಖ್ಯ. ಚೈನ್ ಹಾರಿದ್ದರೆ ವ್ಯತ್ಯಾಸ ಒಂದು ಪೂರ್ತಿ ಹಲ್ಲಿನದಾಗಿರುತ್ತದೆ. ಅರ್ಧ ಹಲ್ಲನ್ನು ಯಾವ ಚೈನೂ ಹಾರಲಾರದು. ನಡುವೆ ನಿಂತಿದೆ ಎಂದರೆ ಚೈನ್ ಉದ್ದವಾಗಿದೆ. ಉಕ್ಕು ಹಿಗ್ಗಿ ಉದ್ದವಾಗುವುದಲ್ಲ, ಪ್ರತಿ ಕೊಂಡಿಯ ಪಿನ್ ಒಂದಿಷ್ಟು ಸವೆದು ಎಲ್ಲ ಸೇರಿ ಮಿಲಿಮೀಟರುಗಳಾಗುತ್ತವೆ. ಬಿಚ್ಚಿದ ಮೇಲೆ ಹೊಸ ಚೈನಿನ ಪಕ್ಕ ನೇತುಹಾಕಿದಾಗ ಅದು ಕಣ್ಣಿಗೇ ಕಂಡಿತು. ಪ್ಲಾಸ್ಟಿಕ್ ಗೈಡಿನಲ್ಲಿ ಚೈನ್ ಎರಡು ಗೀರು ಕೊರೆದಿತ್ತು, ಟೆನ್ಷನರ್ ತನ್ನ ಕೊನೆಯ ಹಂತದವರೆಗೆ ಚಾಚಿಕೊಂಡಿತ್ತು.

ಚೈನ್, ಗೈಡ್, ಟೆನ್ಷನರ್, ಸ್ಪ್ರಾಕೆಟ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದೆ. ಚೈನ್ ಮಾತ್ರ ಹಾಕಿ ದುಡ್ಡು ಉಳಿಸಿ ಎನ್ನುವವರಿಗೆ ನಾನು ಒಪ್ಪುವುದಿಲ್ಲ. ಕವರ್ ಬಿಚ್ಚಿ ಹಾಕುವ ಕೂಲಿಯೇ ಅರ್ಧ ಖರ್ಚು.

ಮಾಲೀಕರು ಆಯಿಲ್ ಬದಲಿಸಿ ಎರಡು ವರ್ಷ ದಾಟಿತ್ತು. "ಕಿಲೋಮೀಟರ್ ಆಗಿಲ್ಲವಲ್ಲ" ಎಂದರು. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಸಣ್ಣ ಓಟ. ಆಯಿಲ್ ಸರಿಯಾಗಿ ಬಿಸಿಯಾಗುವ ಮೊದಲೇ ಎಂಜಿನ್ ಆರುತ್ತದೆ, ತೇವವೂ ಪೆಟ್ರೋಲೂ ಅದರಲ್ಲೇ ಉಳಿಯುತ್ತವೆ. ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದು ಅವರ ಕೈಪಿಡಿಯಲ್ಲಿದ್ದ ಸಾಲನ್ನೇ ತೆಗೆದು ತೋರಿಸಿದೆ. ಅವರು ಓದಿ, ಚೀಲದಿಂದ ಬದಲಿಸಿದ ಹಳೆಯ ಸೆನ್ಸರುಗಳನ್ನು ತೆಗೆದು, ಇವನ್ನೇನು ಮಾಡಲಿ ಎಂದು ಕೇಳಿದರು. ಎರಡೂ ಚೆನ್ನಾಗಿವೆ ಸರ್, ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡಿರಿ ಎಂದೆ.